ಸೋಲಾರ್ ಇರೋರು ಬ್ಯಾಟರಿ ಹಾಕ್ಸೋ ಮುಂಚೆ ಇದನ್ನ ಓದಿ

2024ರಲ್ಲಿ ತಾರಸಿ ಸೋಲಾರಿಗೆ ಸಬ್ಸಿಡಿ ಕೊಡೋ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂದ್ಮೇಲೆ ನಮ್ ಮೈಸೂರಲ್ಲಿ ಕುವೆಂಪುನಗರ, ವಿಜಯನಗರ ಕಡೆ ಎಷ್ಟೋ ಮನೆ ತಾರಸಿ ಮೇಲೆ ಬಿಸಿನೀರಿನ ಸೋಲಾರ್ ಪಕ್ಕದಲ್ಲೇ ಕರೆಂಟಿನ ಪ್ಯಾನೆಲ್ಲೂ ಬಂದಿದೆ, ತುಂಬಾ ಸಂತೋಷ. ಈಗ ಸುಮಾರು ಜನ ಕೇಳ್ತಿರೋದು ಇದಕ್ಕೆ ಬ್ಯಾಟರಿ ಸೇರಿಸ್ಬೋದಾ ಅಂತ. ಸೇರಿಸ್ಬೋದು. ಆದ್ರೆ ಬಿಲ್ ಉಳಿಯುತ್ತೆ ಅಂತ ಹಾಕ್ಸ್ಬೇಡಿ, ಕರೆಂಟ್ ಹೋದಾಗ ಬೇಕೇ ಬೇಕು ಅನ್ನೋರು ಮಾತ್ರ ಹಾಕ್ಸಿ, ಅದೂ ಇಡೀ ಮನೆಗೆ ಬೇಡ.

ನಮ್ ಬೀದೀಲಿ ಒಬ್ರು ಮೇಷ್ಟ್ರಿದಾರೆ, 3 ಕಿಲೋವ್ಯಾಟ್ ಹಾಕ್ಸಿದಾರೆ. ಮೊನ್ನೆ ಮಟಮಟ ಮಧ್ಯಾಹ್ನ ಕರೆಂಟ್ ಹೋಯ್ತು, ಮೇಲೆ ಪ್ಯಾನೆಲ್ ಕೈ ಇಟ್ರೆ ಸುಡ್ತಿದೆ, ಕೆಳಗೆ ಇನ್ವರ್ಟರಲ್ಲಿ ಕೆಂಪು ದೀಪ, ಫ್ಯಾನೂ ಇಲ್ಲ. ಕೆಟ್ಟೋಗಿದೆ ಅಂತ ಗಾಬರಿ ಆಗಿದ್ರು. ಕೆಟ್ಟಿಲ್ಲ ಸಾರ್, ಆನ್‌ಗ್ರಿಡ್ ಇನ್ವರ್ಟರ್, ಅಂದ್ರೆ ಬ್ಯಾಟರಿ ಇಲ್ದೆ ಲೈನಿಗೇ ಜೋಡಿಸಿರೋದು, ಇರೋದೇ ಹಾಗೆ, ಲೈನಲ್ಲಿ ಕರೆಂಟ್ ಇಲ್ಲ ಅಂದ್ರೆ ತಾನೂ ನಿಂತ್ಬಿಡುತ್ತೆ. ಇಲ್ದಿದ್ರೆ ನಮ್ ಮನೆ ಕರೆಂಟು ಕಂಬಕ್ಕೆ ಹೋಗಿ ರಿಪೇರಿ ಮಾಡ್ತಿರೋ ಲೈನ್‌ಮನ್ ಜೀವಕ್ಕೇ ಅಪಾಯ.

ಬಿಲ್ಲಿನ ವಿಷ್ಯ ಹೇಳ್ತೀನಿ. ನೆಟ್ ಮೀಟರ್ ಇದ್ರೆ ಹಗಲು ಉಳಿದ ಯೂನಿಟ್ಟು ಸೆಸ್ಕ್ (ನಮ್ ಕಡೆ ಕರೆಂಟ್ ಕೊಡೋ ಕಂಪನಿ) ಲೈನಿಗೆ ಹೋಗುತ್ತೆ, ರಾತ್ರಿ ಬಳಸಿದ್ದಕ್ಕೆ ಅದು ವಜಾ ಆಗುತ್ತೆ, ಹಾಗಿರೋವಾಗ ಅದೇ ಕೆಲಸಕ್ಕೆ ದುಡ್ಡು ಕೊಟ್ಟು ಬ್ಯಾಟರಿ ಯಾಕೆ? 3 ಕಿಲೋವ್ಯಾಟಿಗೆ ಸಿಗೋ 78,000 ಸಬ್ಸಿಡೀನೂ ಪ್ಯಾನೆಲ್ ಲೆಕ್ಕಕ್ಕೇ, ಬ್ಯಾಟರಿಗೆ ಅಂತ ಬೇರೆ ಇಲ್ಲ.

ಎಷ್ಟು ದೊಡ್ಡ ಬ್ಯಾಟರಿ ಅನ್ನೋದ್ರಲ್ಲೇ ಜನ ದುಡ್ಡು ಕಳ್ಕೊಳ್ಳೋದು. ಲೈಟು, ಕಮ್ಮಿ ಕರೆಂಟ್ ತಿನ್ನೋ ಎರಡು ಬಿಎಲ್‌ಡಿಸಿ ಫ್ಯಾನು, ವೈಫೈ, ಟಿವಿ, ಫ್ರಿಜ್ಜು ಎಲ್ಲಾ ಸೇರಿ ಸರಾಸರಿ 250 ವ್ಯಾಟ್ ಅಂದ್ಕೊಳ್ಳಿ, ಐದು ಗಂಟೆಗೆ ಒಂದೂಕಾಲು ಯೂನಿಟ್ ಅಷ್ಟೇ. ಯುಪಿಎಸ್‌ಗೆ ಹಾಕೋ 150 ಎಹೆಚ್ ಟ್ಯೂಬುಲರ್ ಬ್ಯಾಟರೀಲಿ ಲೆಕ್ಕಕ್ಕೆ 1.8 ಯೂನಿಟ್ ಇದ್ರೂ ಅರ್ಧಕ್ಕಿಂತ ಕೆಳಗೆ ಇಳಿಸ್ತಾ ಇದ್ರೆ ಬೇಗ ಹಾಳಾಗುತ್ತೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆದ್ರೆ ಶೇ 80ರವರೆಗೂ ಧಾರಾಳವಾಗಿ ಬಳಸ್ಬೋದು, ನೀರು ಹಾಕೋ ರಗಳೆನೂ ಇಲ್ಲ, ಎರಡೂವರೆ ಯೂನಿಟ್ಟಿಂದು ಸಾಕು. ಗೀಸರ್ರು, ಸಂಪಿನ ಮೋಟ್ರು ಇದಕ್ಕೆ ಕೊಡ್ಲೇಬೇಡಿ. ಬೇಕಾದ ಪಾಯಿಂಟ್‌ಗಳನ್ನ ಮಾತ್ರ ಬೇರೆ ಡಿಬಿಗೆ, ಅಂದ್ರೆ ಬೇರೆ ಎಂಸಿಬಿ ಪೆಟ್ಟಿಗೆಗೆ ತರ್ಸಿ, ವೈರಿಂಗ್ ಕೆಲಸ ಮೊದ್ಲು, ಬ್ಯಾಟರಿ ಆಮೇಲೆ.

ರಾತ್ರಿ ಒಂದೆರಡು ಗಂಟೆ ಹೋಗೋ ಕರೆಂಟಿಗೆ ಮನೇಲಿರೋ ಯುಪಿಎಸ್ಸೇ ಸಾಕು ಅಂತೀನಿ ನಾನು. ಆದ್ರೆ ಮಳೆಗಾಲದ ಮುಂಚೆ ಗಾಳಿಗೆ ಮರ ಬಿದ್ದು ಇಡೀ ದಿನ ಕರೆಂಟಿಲ್ದೆ ಕೂರೋ ಏರಿಯಾ ಆದ್ರೆ, ಮನೇಲಿ ಆಕ್ಸಿಜನ್ ಮಷೀನ್ ಇರೋ ಹಿರಿಯರಿದ್ರೆ, ಆಗ ಬಿಸಿಲಲ್ಲಿ ಚಾರ್ಜ್ ಆಗೋ ಬ್ಯಾಟರಿ ಖಂಡಿತ ಬೇಕು. ಅದಕ್ಕೆ ಹಳೇ ಇನ್ವರ್ಟರ್ ತೆಗೆದು ಹೈಬ್ರಿಡ್ (ಪ್ಯಾನೆಲ್, ಬ್ಯಾಟರಿ, ಲೈನ್ ಮೂರನ್ನೂ ನೋಡ್ಕೊಳ್ಳೋ ಇನ್ವರ್ಟರ್) ಹಾಕ್ಬೋದು, ಸೆಸ್ಕ್‌ಗೆ ತಿಳಿಸಿಯೇ ಮಾಡ್ಸಿ. ಇಲ್ಲಾ ಹಳೇದನ್ನ ಹಾಗೇ ಬಿಟ್ಟು ಪಕ್ಕದಲ್ಲಿ ಎಸಿ ಕಪ್ಲಿಂಗ್ ಮಾಡೋ, ಅಂದ್ರೆ ಹಳೇ ಇನ್ವರ್ಟರ್ ಕೊಡೋ ಕರೆಂಟಿಂದ್ಲೇ ಚಾರ್ಜ್ ಮಾಡೋ ಬ್ಯಾಟರಿ ಇನ್ವರ್ಟರ್ ಸೇರಿಸ್ಬೋದು, ಬ್ಯಾಟರಿ ತುಂಬಿದಾಗ ಅದು ಕರೆಂಟಿನ ಫ್ರೀಕ್ವೆನ್ಸಿ ಏರಿಸಿ ಸೋಲಾರನ್ನ ತಗ್ಗಿಸುತ್ತೆ, ಹಳೇ ಇನ್ವರ್ಟರ್ ಇದಕ್ಕೆ ಒಗ್ಗುತ್ತಾ ಅಂತ ಮೊದ್ಲೇ ಕೇಳ್ಕೊಳ್ಳಿ. ಮಾಮೂಲಿ ಯುಪಿಎಸ್ ಔಟ್‌ಪುಟ್‌ಗೇ ಸೋಲಾರ್ ಕೊಟ್ಬಿಡ್ತೀನಿ ಅನ್ನೋ ಎಲೆಕ್ಟ್ರಿಷಿಯನ್ ಸಿಕ್ರೆ ಕೈ ಮುಗಿದು ಕಳ್ಸಿ, ಯುಪಿಎಸ್ಸು ಸುಟ್ಟೋಗ್ಬೋದು.

ಬ್ಯಾಟರಿ ಹಾಕ್ದೋರಿಗೆ ಕೊನೇ ಕಂತು ಕೊಡೋ ಮುಂಚೆ ಬಿಸಿಲಿರೋ ಹೊತ್ತಲ್ಲಿ, ಬ್ಯಾಟರಿ ಫುಲ್ ಇದ್ದಾಗ್ಲೇ ಮೇನ್ ಸ್ವಿಚ್ ಆಫ್ ಮಾಡ್ಸಿ, ಫ್ರಿಜ್ಜು ಸ್ಟಾರ್ಟ್ ಆಗೋವರೆಗೂ ಅವ್ರನ್ನ ಅಲ್ಲೇ ನಿಲ್ಲಿಸ್ಕೊಳ್ಳಿ.