ನಯಾಗರಾದ ಆ ಬಲಿಕಥೆ ಇನ್ನಾದರೂ ಬಿಡಿ ಮಾರಾಯ್ರೇ

ಅಮೆರಿಕ-ಕೆನಡಾ ಗಡಿಯ ನಯಾಗರಾ ಜಲಪಾತದ ವಿಡಿಯೊ ಹಾಕೋ ನಮ್ಮ ಕನ್ನಡದ ವ್ಲಾಗರ್‌ಗಳಿಗೂ ಬಸ್ಸಲ್ಲಿ ಮೈಕ್ ಹಿಡಿಯೋ ಗೈಡುಗಳಿಗೂ ಕೈ ಮುಗಿದು ಕೇಳೋದು ಇಷ್ಟೇ: 'ಆದಿವಾಸಿಗಳು ವರ್ಷಕ್ಕೊಬ್ಬ ಕನ್ಯೆಯನ್ನ ದೋಣಿಯಲ್ಲಿ ಕೂರಿಸಿ ಜಲಪಾತಕ್ಕೆ ಬಲಿ ಕೊಡ್ತಿದ್ರು' ಅನ್ನೋ ಬುರುಡೆ ನಿಲ್ಲಿಸಿ. ಅಲ್ಲಿನ ಮೂಲನಿವಾಸಿಗಳು ಪ್ರತಿಭಟಿಸಿದ ಮೇಲೆ 1996ರಲ್ಲಿ, ಪ್ರವಾಸಿಗಳನ್ನ ಜಲಪಾತದ ಹತ್ತಿರ ಒಯ್ಯೋ 'ಮೇಡ್ ಆಫ್ ದ ಮಿಸ್ಟ್' (ಮಂಜಿನ ಕನ್ಯೆ) ದೋಣಿಯವರೇ ತಮ್ಮ ವಿವರಣೆಯಿಂದ ಅದನ್ನ ಕಿತ್ತುಹಾಕಿದರು. ನಾವು ಮಾತ್ರ ಅದಕ್ಕೆ ಕೊಳಲಿನ ಮ್ಯೂಸಿಕ್ ಸೇರಿಸಿ ಓಡಿಸ್ತಾನೇ ಇದ್ದೀವಿ.

1851ರಲ್ಲೇ ಅಚ್ಚಾದ ಅಲ್ಲಿನ ಮೂಲನಿವಾಸಿ ಸೆನೆಕಾ ಜನರ ಕಥೆ ಓದಿ. ಒಬ್ಬ ಕೆಟ್ಟ ಸ್ವಭಾವದ ಮುದುಕನಿಗೆ ಕಟ್ಟಲು ಹೊರಟಾಗ ಹುಡುಗಿ ತಾನೇ ಸಾಯೋಕೆ ಅಂತ ದೋಣಿ ಹತ್ತುತ್ತಾಳೆ. ಯಾರೂ ತಳ್ಳಲ್ಲ. ಜಲಪಾತದ ಹಿಂದಿನ ಗುಹೆಯಲ್ಲಿರೋ ಗುಡುಗಿನ ದೇವರು ಹೀನೊ ಮತ್ತವನ ಇಬ್ಬರು ಸಹಾಯಕರು ಅವಳನ್ನ ಕಂಬಳಿಯಲ್ಲಿ ಹಿಡಿದು ಉಳಿಸ್ತಾರೆ. ಊರಲ್ಲಿ ವರ್ಷವರ್ಷ ಜನ ಯಾಕೆ ಸಾಯ್ತಿದ್ದಾರೆ ಅನ್ನೋದು ಅವಳಿಗೆ ಗೊತ್ತಾಗೋದೇ ಅಲ್ಲಿ: ನೆಲದಡಿ ಒಂದು ಮಹಾಸರ್ಪ, ಅದು ನೀರಿಗೆ ವಿಷ ಹಾಕಿ ಹೂತ ಹೆಣ ತಿನ್ನುತ್ತೆ. ಅವಳು ವಾಪಸ್ ಬಂದು ಊರಿಗೆ ಊರೇ ಎಬ್ಬಿಸಿ ಬೇರೆ ಕಡೆ ಸಾಗಿಸ್ತಾಳೆ. ಬೆನ್ನಟ್ಟಿದ ಸರ್ಪಕ್ಕೆ ಹೀನೊ ಸಿಡಿಲು ಹೊಡೀತಾನೆ. ಅದರ ಹೆಣ ತೇಲಿಬಂದು ಅಂಚಲ್ಲಿ ಸಿಕ್ಕಿ ಬಾಗಿ ನಿಂತಿದ್ದೇ ನಯಾಗರಾದ ದೊಡ್ಡ ಜಲಪಾತ ಹಾರ್ಸ್‌ಶೂದ ಆ ಕುದುರೆ ಲಾಳದಂಥ ಕಮಾನು. ಊರು ಉಳಿಸಿದವಳನ್ನ ಬಲಿಪಶು ಮಾಡಿಟ್ಟಿದ್ದೀರಲ್ಲ!

'ಆ ಬಲಿಯ ನೆನಪಿಗೇ ಈ ದೋಣಿ' ಅನ್ನೋದು ಇನ್ನೊಂದು ಪುಂಗಿ. 1846ರಲ್ಲಿ ಶುರುವಾದಾಗ ಅದು ನದಿ ದಾಟಿಸೋ ದೋಣಿ. 1848ರಲ್ಲಿ ತೂಗುಸೇತುವೆ ಬಂದು ಆ ವ್ಯಾಪಾರ ಬಿತ್ತು, ಅದಕ್ಕೇ ಪ್ರವಾಸಿಗಳ ಕಡೆ ತಿರುಗಿದ್ದು.

ಕಥೆ ಹೇಳಲೇಬೇಕು ಅಂದ್ರೆ ದೋಣಿ ಹತ್ತೋ ಮುಂಚೆ, ದೋಣಿಕಟ್ಟೆಗೆ ಇಳಿಸೋ ಲಿಫ್ಟಿನ ಸಾಲಲ್ಲಿ ನಿಂತಾಗ ಹೇಳಿ. 2020ರಿಂದ ಅಮೆರಿಕದ ಕಡೆ ಓಡೋದು ಬ್ಯಾಟರಿ ದೋಣಿ, ಡೀಸೆಲ್ ಎಂಜಿನ್ನಿನ ಗಲಾಟೆ ಇಲ್ಲ. ಆದ್ರೂ ಹಾರ್ಸ್‌ಶೂ ಹತ್ತಿರ ನೀರಿನ ಆರ್ಭಟಕ್ಕೆ ಪಕ್ಕದವರ ಮಾತೂ ಕೇಳಲ್ಲ. ಕಮಾನೂ ಕಾಣಲ್ಲ, ಸುತ್ತ ಬರೀ ಬಿಳಿ. ಫೋಟೊ ಬೇಕಿದ್ರೆ ಹೋಗ್ತಾ ಎಡಗಡೆ ಕಂಬಿ ಹಿಡ್ಕೊಳ್ಳಿ, ನಯಾಗರಾದ ಇನ್ನೊಂದು ಜಲಪಾತ ಅಮೆರಿಕನ್ ಫಾಲ್ಸ್ ಆ ಕಡೆಗೇ ಬರೋದು. ಅದು ದಾಟಿದ ಮೇಲೆ ಫೋನು ಒಳಗಿಡಿ. ದೋಣಿಯವರು ಕೊಡೋ ಪಾಂಚೊ (ಮಳೆಯಂಗಿ) ಅಂದ್ರೆ ತೆಳು ಪ್ಲಾಸ್ಟಿಕ್ಕು, ಗಾಳಿ ಕೆಳಗಿಂದ ನುಗ್ಗಿದ್ರೆ ಸೊಂಟದವರೆಗೂ ತೊಪ್ಪೆ.

ಇನ್ನು ಕೆಂಪು ಪಾಂಚೊದವರನ್ನ ತೋರಿಸಿ 'ಇದೇ ಮೇಡ್ ಆಫ್ ದ ಮಿಸ್ಟ್' ಅನ್ನೋ ಮಹಾನುಭಾವರು. ಕೆಂಪು ಕೆನಡಾ ಕಡೆಯದು, ಬೇರೆ ಕಂಪನಿ. 2014ರಿಂದ ಮೇಡ್ ಆಫ್ ದ ಮಿಸ್ಟ್ ಅಮೆರಿಕದ ಕಡೆಗಷ್ಟೇ, ಅಲ್ಲಿ ಪಾಂಚೊ ನೀಲಿ. ನಿಮ್ಮ ವಿಡಿಯೊ ನಂಬಿ ಅಮೆರಿಕದಲ್ಲಿರೋ ಮಕ್ಕಳು ಕೆಂಪು ದೋಣಿಗೆ ಟಿಕೆಟ್ ತೆಗೆದರೆ, ಬರೀ ಅಮೆರಿಕದ ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮ ಕೆನಡಾಕ್ಕೆ ಹೋಗೋ ರೇನ್‌ಬೋ ಸೇತುವೆ ದಾಟೋಕಾಗಲ್ಲ. ಭಾರತದ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇರೆ ಬೇಕು. ಬಲಿ ಬಲಿ ಅಂತ ಐದು ನಿಮಿಷ ಕೊರೆಯೋ ಬದಲು ಇದೊಂದನ್ನ ಹೇಳಿ.