ಮೊದುನ್ಯೊ ಒಂದೇ ಹಾಡಿನ ಗಾಯಕರಲ್ಲ

ಹಳೆಯ ಪಾಶ್ಚಾತ್ಯ ಹಾಡುಗಳ ಕುರಿತ ವಿಡಿಯೊವೊಂದನ್ನು ಈಗಷ್ಟೇ ನೋಡಿದೆ. ನಿರೂಪಕರು ಇಟಲಿಯ ದೊಮೆನಿಕೊ ಮೊದುನ್ಯೊ ಅವರನ್ನು 'ಒಂದೇ ಹಾಡಿನ ಗಾಯಕ' ಎಂದು ಕರೆದು, 'ವೊಲಾರೆ'ಯ ಪಲ್ಲವಿಯನ್ನು ಒಂದಿಷ್ಟು ಕೇಳಿಸಿ, ಮುಂದಿನ ಹೆಸರಿಗೆ ಹೋಗಿಬಿಟ್ಟರು. ಇಟಾಲಿಯನ್ ಹಾಡುಗಳ ಮೇಲೆ ನನಗಿರುವ ಹುಚ್ಚು ಇಲ್ಲಿನ ಗೆಳೆಯರಿಗೆ ಗೊತ್ತೇ ಇದೆ. ಆ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು.

ಆ ಹಾಡಿನ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಗಾಯಕರು ಎದೆಯ ಮೇಲೆ ಕೈಯಿಟ್ಟು ಅಲುಗದೆ ನಿಂತು ಹಾಡುತ್ತಿದ್ದ ಕಾಲದಲ್ಲಿ, ಇಟಲಿಯ ಹೆಸರಾಂತ ಹಾಡಿನ ಸ್ಪರ್ಧೆಯಾದ 1958ರ ಸಾನ್‌ರೆಮೊ ಉತ್ಸವದ ವೇದಿಕೆಯ ಮೇಲೆ ಮೊದುನ್ಯೊ ಎರಡೂ ತೋಳುಗಳನ್ನು ಅಗಲವಾಗಿ ಚಾಚಿ ಅದನ್ನು ಹಾಡಿದರು. ಮರುವರ್ಷ ನಡೆದ ಮೊಟ್ಟಮೊದಲ ಗ್ರ್ಯಾಮಿ ಸಮಾರಂಭದಲ್ಲಿ ವರ್ಷದ ರೆಕಾರ್ಡ್, ವರ್ಷದ ಹಾಡು ಎಂಬ ಎರಡು ಪ್ರಶಸ್ತಿಗಳೂ ಅದಕ್ಕೇ ಸಂದವು. ಆದರೆ ಅವರು ಅದೇ ಸಾನ್‌ರೆಮೊವನ್ನು 1959, 1962 ಮತ್ತು 1966ರಲ್ಲಿ ಮತ್ತೆ ಮತ್ತೆ ಗೆದ್ದರಲ್ಲ, ಆ ಹಾಡುಗಳು ಯಾವ ಲೆಕ್ಕಕ್ಕೆ ಸೇರಬೇಕು?

ಪ್ರಶಸ್ತಿಗಳ ಮಾತು ಹಾಗಿರಲಿ. ಪುಲಿಯಾ ಸೀಮೆಯ ಕಡಲಂಚಿನ ಪೊಲಿನ್ಯಾನೊದಲ್ಲಿ ಹುಟ್ಟಿದ ಅವರು 'ವೊಲಾರೆ'ಗೂ ಮೊದಲೇ ದಕ್ಷಿಣದ ಆಡುನುಡಿಗಳಲ್ಲಿ ಹಾಡು ಕಟ್ಟುತ್ತಿದ್ದರು. ಕತ್ತಿಮೀನಿನ ಹಾಡನ್ನೇ ನೋಡಿ: ಬೆಸ್ತರ ಕೈಗೆ ಸಿಕ್ಕಿಬಿದ್ದ ಹೆಣ್ಣು ಮೀನು ತನ್ನ ಗಂಡಿಗೆ ತಪ್ಪಿಸಿಕೊಂಡು ಹೋಗೆಂದು ಅಂಗಲಾಚುತ್ತದೆ, ಗಂಡಾದರೋ ಅವಳನ್ನು ಬಿಟ್ಟು ಬದುಕಲೊಲ್ಲದೆ ಅವಳೊಡನೆಯೇ ಸಾಯುತ್ತದೆ. 1955ರ 'ವೆಕ್ಯೊ ಫ್ರಾಕ್'ನಲ್ಲಿ ಹಳೆಯ ಕೋಟು ತೊಟ್ಟವನೊಬ್ಬ ನಡುರಾತ್ರಿ ಊರಿನ ಬೀದಿಗಳಲ್ಲಿ ಒಂಟಿಯಾಗಿ ನಡೆಯುತ್ತಾನೆ. ಬೆಳಗಿನ ಹೊತ್ತಿಗೆ ಅವನ ಟೋಪಿ, ಹೂವು, ಕೋಟು ಸೇತುವೆಗಳ ಕೆಳಗೆ ಕಡಲಿನತ್ತ ತೇಲಿಹೋಗುತ್ತಿರುತ್ತವೆ. ಸಾವು ಎಂಬ ಮಾತನ್ನೇ ಆಡದೆ ಸಾವನ್ನು ಹೀಗೆ ಹಾಡಿದವರನ್ನು ಒಂದು ಪಲ್ಲವಿಗೆ ಕಟ್ಟಿಹಾಕುವುದು ಅನ್ಯಾಯವೆಂದೇ ನಾನು ಹೇಳುತ್ತೇನೆ.

ಜನರ ನಾಲಿಗೆಯ ಮೇಲೆ ಒಂದು ಹಾಡು ಉಳಿದರೂ ಕಲಾವಿದನ ಬದುಕು ಸಾರ್ಥಕವಲ್ಲವೇ ಎಂದು ಕೆಲವರು ಕೇಳಬಹುದು. ಸಾರ್ಥಕವೇ ಇರಬಹುದು, ಆದರೆ ಜನ ಮರೆಯುವುದು ಬೇರೆ, ಇತಿಹಾಸ ಹೇಳಲು ಕುಳಿತವರು ಹುಡುಕುವ ಗೋಜಿಗೇ ಹೋಗದಿರುವುದು ಬೇರೆ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ, ಇದುವರೆಗೆ ಇಲ್ಲಿ ಬರೆದಿರಲಿಲ್ಲ. ನನ್ನ ತಂದೆಯವರಿಗೆ ಲಕ್ವ ಹೊಡೆದು ಮಾತು ನಿಂತಾಗ, ನೋಡಲು ಬಂದ ನೆಂಟರು ಅವರ ಎದುರಿಗೇ ಅವರ ಕುರಿತು 'ಹೀಗಿದ್ದರು, ಹಾಗಿದ್ದರು' ಎಂದು ಮಾತಾಡುತ್ತಿದ್ದರು. ಅಪ್ಪ ಎಡಗೈಯಿಂದ ಹೊದಿಕೆಯ ಅಂಚನ್ನು ಹಿಡಿದು ಹಿಂಡುತ್ತಿದ್ದರು. ಮೊದುನ್ಯೊ ಅವರಿಗೂ 1984ರಲ್ಲಿ ಟೆಲಿವಿಷನ್ ಕಾರ್ಯಕ್ರಮವೊಂದರ ಚಿತ್ರೀಕರಣದ ವೇಳೆ ಲಕ್ವ ಹೊಡೆಯಿತು. ಅವರು ಅಲ್ಲಿಗೇ ಮುಗಿಯಲಿಲ್ಲ. 1987ರಲ್ಲಿ ರ‍್ಯಾಡಿಕಲ್ ಪಕ್ಷದಿಂದ ಸಂಸತ್ತಿಗೆ ಆರಿಸಿಬಂದು, ಸಿಸಿಲಿಯ ಅಗ್ರಿಜೆಂತೊದ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳನ್ನು ಇಟ್ಟಿದ್ದ ಹೀನಾಯ ಸ್ಥಿತಿಯ ವಿರುದ್ಧ ಹೋರಾಡಿದರು. ಆ ರೋಗಿಗಳಿಗಾಗಿ ಮತ್ತೆ ವೇದಿಕೆ ಹತ್ತಿ ಹಾಡಿದರು. ತೀರಿಕೊಳ್ಳುವ ಹಿಂದಿನ ವರ್ಷ, 1993ರಲ್ಲಿ, ಮಗ ಮಾಸ್ಸಿಮೊನ ಜೊತೆ ಡಾಲ್ಫಿನ್‌ಗಳ ಮೇಲೊಂದು ಹಾಡನ್ನೂ ಹೊರತಂದರು.

ಇಷ್ಟನ್ನು ಹೇಳಲು ಆ ನಿರೂಪಕರಿಗೆ ಎರಡು ನಿಮಿಷ ಸಾಕಾಗುತ್ತಿತ್ತು. ಆ ವಿಡಿಯೊವನ್ನು ನನಗೆ ಕಳುಹಿಸಿದ ಗೆಳೆಯರು ದಯವಿಟ್ಟು ಮೊದಲು ಕತ್ತಿಮೀನಿನ ಹಾಡನ್ನು ಪೂರ್ತಿ ಕೇಳಿ, ಆಮೇಲೆ ನನ್ನೊಡನೆ ವಾದಕ್ಕೆ ಬನ್ನಿ.