ಕಿತ್ತಳೆ ಬಣ್ಣದ ಟೀ ಶರ್ಟು

ಕೆನಡಾದಲ್ಲಿ ಸೆಪ್ಟೆಂಬರ್ 30 ಬಂದರೆ ಆಫೀಸುಗಳಲ್ಲಿ ತುಂಬಾ ಜನ ಕಿತ್ತಳೆ ಬಣ್ಣದ ಟೀ ಶರ್ಟ್ ಹಾಕುತ್ತಾರೆ. ಇಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಅಪ್ಪ ಅಮ್ಮನಿಂದ ಕಿತ್ತುಕೊಂಡು ಹಾಸ್ಟೆಲ್ ಶಾಲೆಗಳಿಗೆ ಹಾಕಿದ್ದರಲ್ಲ, ಆ ಮಕ್ಕಳ ನೆನಪಿಗೆ. ನಾನು ಬ್ರಾಂಪ್ಟನ್ನಿನ ಈ ಗೋದಾಮಿನ ಆಫೀಸಿಗೆ ಸೇರಿದ ವರ್ಷ ಕಂಪನಿಯವರೇ ಎಲ್ಲರಿಗೂ ಒಂದೊಂದು ಶರ್ಟ್ ಹಂಚಿದ್ದರು. ಪಕ್ಕದ ಟೇಬಲ್ಲಿನ ಜಮೈಕಾದ ಅಕ್ಕ (ಅವರಿಗೆ ಗೊತ್ತಿಲ್ಲ, ನಾನು ಮನಸ್ಸಿನಲ್ಲಿ ಹಾಗೇ ಕರೆಯೋದು) ಅದನ್ನು ಹಾಕಿದ್ದರು, ಆದರೆ ಮೇಲೆ ದಪ್ಪ ಕಪ್ಪು ಜಾಕೆಟ್, ಕತ್ತಿನ ತನಕ ಜಿಪ್. ಒಳಗೆ ಸೆಕೆ ಬೇರೆ. ಚಳಿನಾ ಅಂತ ಕೇಳಿದೆ. "ಚಳಿ ಅಲ್ಲ, ಈ ಬಣ್ಣ ಹಾಕ್ಕೊಂಡು ಓಡಾಡಿ ಅಭ್ಯಾಸ ಇಲ್ಲ" ಅಂದರು.

ಅವರು ಬೆಳೆದದ್ದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಪಶ್ಚಿಮ ಭಾಗದಲ್ಲಿರುವ ಟಿವೊಲಿ ಗಾರ್ಡನ್ಸ್ ಅನ್ನೋ ಬಡಾವಣೆಯಲ್ಲಿ. ಅಲ್ಲಿ ಹಸಿರು ಅಂದರೆ ಜಮೈಕಾ ಲೇಬರ್ ಪಾರ್ಟಿ, ಕಿತ್ತಳೆ ಅಂದರೆ ಪೀಪಲ್ಸ್ ನ್ಯಾಷನಲ್ ಪಾರ್ಟಿ. ಟಿವೊಲಿ ಪೂರ್ತಿ ಹಸಿರು. ಚುನಾವಣೆ ಹೊತ್ತಲ್ಲಿ ಅಲ್ಲಿ ಕಿತ್ತಳೆ ಹಾಕಿಕೊಂಡು ಹೊರಗೆ ಬರೋದು ಹುಚ್ಚರ ಕೆಲಸ. ಊರು ಬಿಟ್ಟು ಇಪ್ಪತ್ತು ವರ್ಷ ಆಗಿದೆ, ಸಾವಿರಾರು ಮೈಲಿ ದೂರ ಇದ್ದಾರೆ, ಆದರೂ ಆ ಜಿಪ್ ಕೆಳಗೆ ಇಳಿಯಲಿಲ್ಲ.

ನನಗೆ ಅಲ್ಲಿಯವರೆಗೂ ಜಮೈಕಾ ಅಂದರೆ ಕ್ರಿಕೆಟ್ಟು ಅಷ್ಟೇ. ಕ್ರಿಸ್ ಗೇಲ್, ಚಿನ್ನಸ್ವಾಮಿಯಲ್ಲಿ 2013ರಲ್ಲಿ ಹೊಡೆದ ಆ 175. ಅದಕ್ಕೂ ಮುಂಚೆ 2006ರ ಕಿಂಗ್‌ಸ್ಟನ್ ಟೆಸ್ಟ್, ಸಬೀನಾ ಪಾರ್ಕ್ ಮೈದಾನದಲ್ಲಿ. ಆಗ ತುಮಕೂರಲ್ಲಿ ಅಪ್ಪನಿಗೆ ಎಚ್ಚರ ಆಗದ ಹಾಗೆ ಟಿವಿ ಸೌಂಡ್ ಸೊನ್ನೆ ಮಾಡಿಕೊಂಡು ರಾತ್ರಿಯೆಲ್ಲ ನೋಡಿದ್ದೆ. ಚೆಂಡು ಎಲ್ಲೆಂದರಲ್ಲಿ ಏಳುತ್ತಿದ್ದ ಪಿಚ್ಚಿನಲ್ಲಿ ದ್ರಾವಿಡ್ 81 ಮತ್ತು 68 ಹೊಡೆದರು, ಕೊನೆಗೆ ಕುಂಬ್ಳೆ ಆರು ವಿಕೆಟ್ ತೆಗೆದು ಮುಗಿಸಿದರು, 35 ವರ್ಷ ಆದ ಮೇಲೆ ವೆಸ್ಟ್ ಇಂಡೀಸ್‌ನಲ್ಲಿ ಸರಣಿ ಗೆದ್ದೆವು. ಆ ಮೈದಾನದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಏನು ನಡೆಯುತ್ತಿತ್ತು ಅಂತ ನನಗೇನು ಗೊತ್ತು? ಮರುವರ್ಷ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ಕೋಚ್ ಬಾಬ್ ವೂಲ್ಮರ್ ಕಿಂಗ್‌ಸ್ಟನ್ ಹೋಟೆಲಿನಲ್ಲಿ ಸತ್ತಾಗ ಪೊಲೀಸರು ಇದು ಕೊಲೆ ಅಂದರು, ನಾವೂ ನಂಬಿದೆವು. ಅಲ್ಲಿ ಅಂಥದ್ದೆಲ್ಲ ಮಾಮೂಲು ಅಂದುಕೊಂಡೆವು. ಮೂರು ತಿಂಗಳು ಬಿಟ್ಟು ಅದೇ ಪೊಲೀಸರು ಇಲ್ಲ, ಸಹಜ ಸಾವು ಅಂದರು. ಅದನ್ನು ಎಷ್ಟು ಜನ ಓದಿದೆವೋ ಗೊತ್ತಿಲ್ಲ.

ಸಬೀನಾ ಪಾರ್ಕ್ ಟೆಸ್ಟಿನ ಹಿಂದಿನ ವರ್ಷ, 2005ರಲ್ಲಿ, ಜಮೈಕಾದಲ್ಲಿ 1,674 ಕೊಲೆ ಆಗಿದ್ದವು. ಈ ಸಂಖ್ಯೆ ಎಷ್ಟು ದೊಡ್ಡದು ಅಂತ ನನಗೆ ಅರ್ಥ ಆಗಿದ್ದು ನಮ್ಮೂರಿನ ಲೆಕ್ಕ ಹಾಕಿದಾಗ. ಜಮೈಕಾ ನಮ್ಮ ತುಮಕೂರು ಜಿಲ್ಲೆಗಿಂತ ಒಂಚೂರು ದೊಡ್ಡದು, ಜನಸಂಖ್ಯೆಯೂ ಹೆಚ್ಚುಕಮ್ಮಿ ಅಷ್ಟೇ. ಇಡೀ ಕರ್ನಾಟಕದಲ್ಲಿ ಈಗ ವರ್ಷಕ್ಕೆ ಆಗೋ ಕೊಲೆ ಸಾವಿರದ ಮುನ್ನೂರು, ನಾನೂರರ ಆಸುಪಾಸು. ಅದಕ್ಕಿಂತ ಜಾಸ್ತಿ ಹೆಣ ಒಂದು ಜಿಲ್ಲೆಯಲ್ಲಿ. ತಿಪಟೂರು, ಗುಬ್ಬಿ, ಶಿರಾ, ಪಾವಗಡ ಅಂತ ಹಂಚಿ ನೋಡಿ, ತಲೆ ಕೆಡುತ್ತದೆ.

ಇದಕ್ಕೆ ಬಡತನ, ಗಾಂಜಾ, ಅವರ ಹಾಡು, ಅವರ ಸ್ವಭಾವ ಅಂತೆಲ್ಲ ಕಾರಣ ಕೊಡುವವರು ಇದ್ದಾರೆ. ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಲ್ಲೂ ಬರೋದು ಇದೇ. ನನಗೆ ಆ ಮಾತು ಸರಿ ಕಾಣಲ್ಲ. ಆ ಬಂದೂಕುಗಳ ಹಿಂದೆ ಇದ್ದದ್ದು ಸರ್ಕಾರಿ ಮನೆ ಹಂಚಿಕೆ ಮತ್ತು ಸರ್ಕಾರಿ ಗುತ್ತಿಗೆ. ಕೊಲೆ ಸುದ್ದಿ ಒಂದು ಪುಟದಲ್ಲಿ, ಲಂಚದ ಸುದ್ದಿ ಇನ್ನೊಂದು ಪುಟದಲ್ಲಿ ಬರುತ್ತೆ, ನಾವು ಎರಡನ್ನೂ ಬೇರೆ ಬೇರೆ ಓದುತ್ತೇವೆ. ಜಮೈಕಾದ ಮಟ್ಟಿಗೆ ಹಾಗೆ ಓದಿದರೆ ಎರಡೂ ಅರ್ಥ ಆಗಲ್ಲ.

ಟಿವೊಲಿ ಇರುವ ಜಾಗದಲ್ಲಿ ಮೊದಲು ಬ್ಯಾಕ್ ಓ ವಾಲ್ ಅಂತ ಒಂದು ಕೊಳೆಗೇರಿ ಇತ್ತು. ಅರವತ್ತರ ದಶಕದಲ್ಲಿ ಆಗಿನ ಮಂತ್ರಿ, ಆ ಕ್ಷೇತ್ರದ ಎಂಪಿ ಎಡ್ವರ್ಡ್ ಸೀಯಾಗ ಬುಲ್ಡೋಜರ್ ಹೊಡೆಸಿ ಅಲ್ಲಿ ಹೊಸ ಮನೆ ಕಟ್ಟಿಸಿದರು. ನೀರು, ಶಾಲೆ, ಆಸ್ಪತ್ರೆ ಎಲ್ಲ ಬಂತು. ಒಳ್ಳೆಯ ಮನೆಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೀಲಿಕೈ ಸಿಕ್ಕಿದ್ದು ಪಾರ್ಟಿಯವರಿಗೆ. ಎಪ್ಪತ್ತರ ದಶಕದಲ್ಲಿ ಇನ್ನೊಂದು ಪಾರ್ಟಿ ಅಧಿಕಾರಕ್ಕೆ ಬಂದು ಆರ್ನೆಟ್ ಗಾರ್ಡನ್ಸ್ ಕಟ್ಟಿಸಿತು, ಅಲ್ಲೂ ಅದೇ ಕಥೆ. ಪಾರ್ಟಿ ನೋಡಿ ಮನೆ ಕೊಟ್ಟ ಮೇಲೆ ಆ ಮನೆಯನ್ನು ಕಾಯಲು ಜನ ಬೇಕು, ಆ ಜನರ ಕೈಗೆ ಬಂದೂಕು ಬೇಕು, ಅವರನ್ನೆಲ್ಲ ಹದ್ದುಬಸ್ತಿನಲ್ಲಿ ಇಡಲು ಒಬ್ಬ 'ಡಾನ್' ಬೇಕು. ಇಂಥ ಬಡಾವಣೆಗಳಿಗೆ ಅಲ್ಲಿನ ರಾಜಕೀಯ ಪಂಡಿತ ಕಾರ್ಲ್ ಸ್ಟೋನ್ ಇಟ್ಟ ಹೆಸರು 'ಗ್ಯಾರಿಸನ್', ಅಂದರೆ ಸೈನ್ಯದ ಠಾಣ್ಯ. ಕೆಲವು ಮತಗಟ್ಟೆಗಳಲ್ಲಿ ನೂರಕ್ಕೆ ನೂರು ವೋಟು ಒಂದೇ ಪಾರ್ಟಿಗೆ. ಕೆಲವು ಕಡೆ ಪಟ್ಟಿಯಲ್ಲಿದ್ದ ಹೆಸರಿಗಿಂತ ಪೆಟ್ಟಿಗೆಯಲ್ಲಿ ಬಿದ್ದ ವೋಟೇ ಜಾಸ್ತಿ! 1980ರ ಚುನಾವಣಾ ವರ್ಷದಲ್ಲಿ 800ಕ್ಕೂ ಹೆಚ್ಚು ಜನ ಸತ್ತರು. ಸೀಯಾಗ ಪ್ರಧಾನಿಯಾದರು.

ಆಮೇಲೆ ಡಾನ್‌ಗಳಿಗೆ ಕೊಕೇನ್ ದುಡ್ಡು ಸಿಕ್ಕಿತು, ರಾಜಕಾರಣಿಯ ಕೈಕಾಸಿಗೆ ಕಾಯುವುದು ತಪ್ಪಿತು. ಇಷ್ಟು ದಿನ ಯಾರು ಯಾರಿಗೆ ಸಲಾಂ ಹೊಡೆಯುತ್ತಿದ್ದರೋ ಅದು ನಿಧಾನಕ್ಕೆ ಉಲ್ಟಾ ಆಯಿತು. ಟಿವೊಲಿಯ ಡಾನ್ ಜಿಮ್ ಬ್ರೌನ್‌ನನ್ನು ತನಗೆ ಒಪ್ಪಿಸಿ ಅಂತ ಅಮೆರಿಕ ಕೇಳಿತ್ತು, 1992ರಲ್ಲಿ ಅವನು ಜೈಲಿನ ಬೆಂಕಿಯಲ್ಲಿ ಸತ್ತ. ಮಾಜಿ ಪ್ರಧಾನಿ ಸೀಯಾಗ ಅವನ ಶವಯಾತ್ರೆಗೆ ಹೋದರು. ಮುಂದೆ ಗದ್ದುಗೆಗೆ ಬಂದವನು ಮಗ ಕ್ರಿಸ್ಟೋಫರ್ ಕೋಕ್, ಜನ ಕರೆಯೋದು 'ಡೂಡಸ್', ಇನ್ನೂ ಗೌರವ ಜಾಸ್ತಿ ಇದ್ದರೆ 'ಪ್ರೆಸಿಡೆಂಟ್'.

ಡೂಡಸ್ ಬಗ್ಗೆ ಅಕ್ಕ ಮಾತಾಡುವ ರೀತಿ ವಿಚಿತ್ರ. ಬೈಯಲ್ಲ, ಹೊಗಳಲ್ಲ. ಶಾಲೆ ಫೀಸಿಗೆ ದುಡ್ಡಿಲ್ಲ ಅಂದರೆ ಅವನ ಆಫೀಸಿಗೆ ಹೋಗಬೇಕು. ಗಂಡ ಹೊಡೆದರೆ ಅಲ್ಲಿಗೇ. ಯಾರಾದರೂ ಕದ್ದರೆ, ಹುಡುಗಿಯರ ತಂಟೆಗೆ ಹೋದರೆ ಪೊಲೀಸರ ಹತ್ತಿರ ಹೋಗುವ ಹಾಗಿಲ್ಲ, ಅವನದೇ ವಿಚಾರಣೆ, ಅವನದೇ ಶಿಕ್ಷೆ. ಬುಧವಾರ ರಾತ್ರಿ ಟಿವೊಲಿ ರಸ್ತೆಯಲ್ಲಿ 'ಪಾಸಾ ಪಾಸಾ' ಅಂತ ದೊಡ್ಡ ಡಾನ್ಸ್, ಬೆಳಗಿನ ತನಕ. ಊರಿನ ಸಾಹುಕಾರರ ಮಕ್ಕಳೂ ಬಂದು ಕಾರು ನಿಲ್ಲಿಸಿ ಹೋಗುತ್ತಿದ್ದರಂತೆ, ಒಂದು ಕನ್ನಡಿ ಸಹ ಕಳುವಾಗುತ್ತಿರಲಿಲ್ಲ. "ಅವನಿದ್ದಾಗ ನಮ್ಮಮ್ಮ ಬಾಗಿಲು ತೆರೆದಿಟ್ಟೇ ಮಲಗ್ತಿದ್ದಳು" ಅಂತಾರೆ. ಅದರ ಬೆನ್ನಿಗೇ, "ಆದರೆ ಕೆಲಸಕ್ಕೆ ಅರ್ಜಿ ಹಾಕುವಾಗ ಅಡ್ರೆಸ್ ಮಾತ್ರ ಚಿಕ್ಕಮ್ಮನ ಮನೇದು ಬರೀತಿದ್ದೆ. ಟಿವೊಲಿ ಅಂತ ಬರೆದರೆ ಕೆಲಸ ಎಲ್ಲಿ ಕೊಡ್ತಾರೆ?" ಅಂತಲೂ ಅನ್ನುತ್ತಾರೆ.

ಇದೇ ಡೂಡಸ್‌ನ ಕಂಪನಿಗೆ ಸರ್ಕಾರಿ ಕಾಮಗಾರಿಗಳ ಗುತ್ತಿಗೆ ಸಿಗುತ್ತಿತ್ತು. ಇನ್‌ಕಂಪ್ಯಾರಬಲ್ ಎಂಟರ್‌ಪ್ರೈಸ್ ಅಂತ ಹೆಸರು. ಟೆಂಡರ್, ಬಿಲ್ಲು, ಸೀಲು ಎಲ್ಲ ಕಾಗದದ ಮೇಲೆ. ಕೊಲೆ ಲೆಕ್ಕಕ್ಕೆ ಬರುತ್ತೆ, ಇಂಥದ್ದು ಯಾವ ಅಪರಾಧದ ಲೆಕ್ಕದಲ್ಲೂ ಬರಲ್ಲ.

ಆಗಸ್ಟ್ 2009ರಲ್ಲಿ ಅಮೆರಿಕ ಅವನನ್ನು ಒಪ್ಪಿಸಿ ಅಂತ ಕೇಳಿತು. ಪ್ರಧಾನಿ ಬ್ರೂಸ್ ಗೋಲ್ಡಿಂಗ್. ಟಿವೊಲಿ ಇರುವುದೇ ಅವರ ಸ್ವಂತ ಕ್ಷೇತ್ರದಲ್ಲಿ. ಒಂಬತ್ತು ತಿಂಗಳು ಕಾನೂನಿನ ನೆಪ ಹೇಳಿ ತಳ್ಳಿದರು. ಈ ವಿಷಯದಲ್ಲಿ ಲಾಬಿ ಮಾಡಲು ಅಮೆರಿಕದ ಒಂದು ದೊಡ್ಡ ವಕೀಲರ ಸಂಸ್ಥೆಯನ್ನು ಹಿಡಿದದ್ದು ಹೊರಗೆ ಬಂತು. ಮೊದಲು ಸರ್ಕಾರಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದರು, ಆಮೇಲೆ ಪಾರ್ಟಿ ನಾಯಕನಾಗಿ ನಾನೇ ಒಪ್ಪಿಗೆ ಕೊಟ್ಟಿದ್ದೆ ಅಂದರು. ಗೂಂಡಾ ಒಬ್ಬನಿಗೋಸ್ಕರ ದೇಶದ ಪ್ರಧಾನಿಯ ಪಾರ್ಟಿ ವಕೀಲರನ್ನು ಹಿಡಿಯುವುದು! ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ನಡೆದು ಬಂದೆ.

ಮೇ 2010ರಲ್ಲಿ ಕೊನೆಗೂ ಒಪ್ಪಿಸುತ್ತೇವೆ ಅಂದಾಗ ಟಿವೊಲಿ ಕೋಟೆಯಾಯಿತು. ರಸ್ತೆಗೆ ಅಡ್ಡ ಹಳೇ ಕಾರು, ಮರಳಿನ ಚೀಲ, ಮುಳ್ಳುತಂತಿ. ಹೆಂಗಸರು ಬಿಳಿ ಬಟ್ಟೆ ಹಾಕಿಕೊಂಡು ರಟ್ಟಿನ ಬೋರ್ಡ್ ಹಿಡಿದು ಮೆರವಣಿಗೆ ಹೊರಟರು. ಒಂದು ಬೋರ್ಡಿನ ಮೇಲೆ, ಯೇಸು ನಮಗಾಗಿ ಸತ್ತ, ನಾವು ಡೂಡಸ್‌ಗಾಗಿ ಸಾಯುತ್ತೇವೆ ಅಂತ ಬರೆದಿತ್ತು. 24ರಂದು ಸೈನ್ಯ, ಪೊಲೀಸರು ಒಳಗೆ ನುಗ್ಗಿದರು. ಸುಮಾರು 70 ಜನ ನಾಗರಿಕರು ಸತ್ತರು. ಅಕ್ಕನ ಅಮ್ಮ ಎರಡು ದಿನ ಮಂಚದ ಕೆಳಗೆ ಇದ್ದರು. ಫೋನಿನ ಚಾರ್ಜ್ ಉಳಿಸಲು ಗಂಟೆಗೊಂದು ಮೆಸೇಜ್, ಬರೀ ಒಂದು ಚುಕ್ಕಿ. ಚುಕ್ಕಿ ಬಂದರೆ ಬದುಕಿದ್ದಾರೆ ಅಂತ.

ಅಷ್ಟೆಲ್ಲ ಆದರೂ ಡೂಡಸ್ ಅಲ್ಲಿ ಸಿಗಲಿಲ್ಲ. ಸಿಕ್ಕಿದ್ದು ತಿಂಗಳಾದ ಮೇಲೆ, ಒಂದು ತಪಾಸಣಾ ಚೌಕಿಯಲ್ಲಿ, ಪಾದ್ರಿಯೊಬ್ಬರ ಕಾರಿನಲ್ಲಿ, ತಲೆ ಮೇಲೆ ಹೆಂಗಸರ ವಿಗ್. ಅಮೆರಿಕದ ರಾಯಭಾರ ಕಚೇರಿಗೆ ಶರಣಾಗಲು ಹೊರಟಿದ್ದನಂತೆ. ತನ್ನ ದೇಶದ ಪೊಲೀಸರಿಗಿಂತ ಅಮೆರಿಕದ ಜೈಲೇ ವಾಸಿ ಅನ್ನಿಸಿರಬೇಕು, ಅಪ್ಪ ಸತ್ತದ್ದು ಜಮೈಕಾದ ಜೈಲಿನಲ್ಲೇ ಅಲ್ವಾ. 2012ರಲ್ಲಿ ನ್ಯೂಯಾರ್ಕ್ ಕೋರ್ಟು 23 ವರ್ಷ ಹಾಕಿತು. ಗೋಲ್ಡಿಂಗ್ 2011ರಲ್ಲೇ ಕುರ್ಚಿ ಬಿಟ್ಟಿದ್ದರು.

ದೊಡ್ಡ ಡಾನ್ ಹೋದ, ಪುಡಿ ಗ್ಯಾಂಗ್‌ಗಳು ನೂರಾರು ಉಳಿದವು. ಮಾಂಟೆಗೊ ಬೇ ಕಡೆ ಲಾಟರಿ ಮೋಸ ಜೋರಾಯಿತು. ಅಮೆರಿಕದ ಮುದುಕ ಮುದುಕಿಯರಿಗೆ ಫೋನ್ ಮಾಡಿ ನಿಮಗೆ ಲಾಟರಿ ಹೊಡೆದಿದೆ, ಮೊದಲು ಫೀಸು ಕಟ್ಟಿ ಅನ್ನೋದು. ನಮಗೇನು ಹೊಸದಲ್ಲ ಬಿಡಿ. ಅಲ್ಲಿ ಆ ದುಡ್ಡಿನಿಂದ ಬಂದೂಕು ಬಂತು, ಅದೂ ಅಮೆರಿಕದಿಂದಲೇ. 2017ರಲ್ಲಿ ಮಾಂಟೆಗೊ ಬೇ ಇರುವ ಸೇಂಟ್ ಜೇಮ್ಸ್ ಜಿಲ್ಲೆಯೊಂದರಲ್ಲೇ 335 ಕೊಲೆ, ದೇಶದಲ್ಲಿ ಮತ್ತೆ 1,600 ದಾಟಿತು.

ಈಗ ಒಳ್ಳೆಯ ಸುದ್ದಿ. ಕಳೆದ ವರ್ಷ, 2025ರಲ್ಲಿ, ಇಡೀ ದೇಶದಲ್ಲಿ ಕೊಲೆ ಏಳುನೂರರ ಒಳಗೆ ಇಳಿದಿದೆ. ಮೂವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಕಳ್ಳ ಬಂದೂಕು ಇಟ್ಟುಕೊಂಡರೆ ಕಡಿಮೆ ಅಂದರೂ 15 ವರ್ಷ ಅಂತ 2022ರಲ್ಲಿ ಕಾನೂನು ಬಂತು. ಸ್ಪ್ಯಾನಿಷ್ ಟೌನಿನ ಕ್ಲ್ಯಾನ್ಸ್‌ಮನ್ ಗ್ಯಾಂಗಿನ ಒಳಗಿದ್ದವನೇ ಪೊಲೀಸರು ಕೊಟ್ಟ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದ, ನಾಯಕ ಒಳಗೆ ಹೋದ. ಕಂಡರೂ ಕುರುಡು, ಕೇಳಿದರೂ ಕಿವುಡು ಅಂತ ಮಕ್ಕಳಿಗೆ ಕಲಿಸುವ ಊರಲ್ಲಿ ಇದು ಸಣ್ಣ ಮಾತಲ್ಲ. ನಾನು ಇದನ್ನು ಹಗುರ ಮಾಡಲ್ಲ.

ಆದರೆ ಅದೇ 2025ರಲ್ಲಿ ಪೊಲೀಸರ ಗುಂಡಿಗೆ ಸತ್ತವರು 300ಕ್ಕಿಂತ ಜಾಸ್ತಿ. ಈ ಹೆಣಗಳು ಕೊಲೆಯ ಪಟ್ಟಿಗೆ ಸೇರಲ್ಲ. ಎಲ್ಲರೂ ಗುಂಡು ಹಾರಿಸುತ್ತಲೇ ಸತ್ತರಾ, ಪೊಲೀಸರ ಮೈಮೇಲೆ ಕ್ಯಾಮೆರಾ ಯಾಕೆ ಇರಲಿಲ್ಲ ಅಂತ ಕೇಳಿದರೆ, ನಿನಗೆ ಗ್ಯಾಂಗ್‌ನವರ ಮೇಲೆ ಕನಿಕರನಾ ಅಂತ ತಿರುಗಿ ಬೀಳುತ್ತಾರೆ. ಎನ್‌ಕೌಂಟರ್ ವಿಷಯ ಎತ್ತಿದರೆ ನಮ್ಮ ಕಡೆಯೂ ಇದೇ ಉತ್ತರ.

ದುಡ್ಡಿನ ಕಡೆ ನೋಡಿದರೆ ಅಷ್ಟು ವೇಗವೇ ಇಲ್ಲ. ಸರ್ಕಾರಿ ತೈಲ ಕಂಪನಿ ಪೆಟ್ರೋಜಾಮ್ ದುಡ್ಡಲ್ಲಿ ಮಂತ್ರಿಗೂ ಕಂಪನಿ ಅಧ್ಯಕ್ಷರಿಗೂ ಹುಟ್ಟುಹಬ್ಬದ ಪಾರ್ಟಿ ನಡೆದಿದೆ ಅಂತ 2018ರಲ್ಲಿ ಅಲ್ಲಿನ ಆಡಿಟರ್ ಜನರಲ್ ಬರೆದರು. ಕೇಕ್ ತಿಂದ ಯಾರೂ ಹದಿನೈದು ವರ್ಷ ಒಳಗೆ ಹೋಗಿಲ್ಲ. ಮಾಜಿ ಶಿಕ್ಷಣ ಮಂತ್ರಿಯೊಬ್ಬರನ್ನು 2019ರಲ್ಲಿ ಹಿಡಿದರು, ಕೇಸು ವರ್ಷಗಟ್ಟಲೆ ಎಳೆಯಿತು. ಬಂದೂಕು ಹಿಡಿದ ಇಪ್ಪತ್ತರ ಹುಡುಗನಿಗೆ ಒಂದು ಸ್ಪೀಡು, ಫೈಲು ಹಿಡಿದವನಿಗೆ ಇನ್ನೊಂದು. ಗುತ್ತಿಗೆ ಯಾರಿಗೆ ಹೋಗುತ್ತೆ, ಮನೆ ಯಾರಿಗೆ ಸಿಗುತ್ತೆ ಅನ್ನುವುದು ಹಳೇ ದಾರಿಯಲ್ಲೇ ನಡೆದರೆ ಇನ್ನೊಬ್ಬ ಡೂಡಸ್ ಬರಲು ಎಷ್ಟು ಹೊತ್ತು ಬೇಕು ಅನ್ನೋದು ನನ್ನ ತಕರಾರು. ತಪ್ಪಿದ್ದರೆ ಕಾಮೆಂಟಲ್ಲಿ ಹೇಳಿ, ಜಗಳಕ್ಕೆ ಬರಬೇಡಿ.

ಹೋದ ಸೆಪ್ಟೆಂಬರಿನಲ್ಲಿ, ಅಲ್ಲಿ ಚುನಾವಣೆ ಮುಗಿದು ಹಸಿರು ಪಾರ್ಟಿ ಸತತ ಮೂರನೇ ಸಲ ಗೆದ್ದ ತಿಂಗಳು, ಆಫೀಸಿನಲ್ಲಿ ಮತ್ತೆ ಕಿತ್ತಳೆ ಶರ್ಟು. ಈ ಸಲ ಅಕ್ಕ ಜಾಕೆಟ್ ತಂದಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಲ್ಲಿ ಎಲ್ಲರ ಜೊತೆ ನಿಂತು ಸೆಲ್ಫಿ ತೆಗೆಸಿಕೊಂಡರು. ಚೆನ್ನಾಗಿ ಬಂದಿದೆ, ಅಮ್ಮನಿಗೆ ಕಳಿಸಿ ಅಂದೆ. ಫೋಟೋ ಒತ್ತಿ ಹಿಡಿದರು, ಕುಟುಂಬದ ಗ್ರೂಪ್ ತೆರೆದರು, ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎಡಿಟ್‌ಗೆ ಹೋಗಿ ಅದನ್ನು ಕಪ್ಪು ಬಿಳುಪು ಮಾಡಿ ಕಳಿಸಿದರು.